ಹಾಡಿಲ್ಲದ ಪಕ್ಕವಾದ್ಯ

ನೀರು ಬೆರೆತ ಹಾಲಿನಲ್ಲಿ ನೀರನ್ನು ಬಿಟ್ಟು ಹಾಲನ್ನು ಮಾತ್ರವೇ ಕುಡಿಯಬಲ್ಲ ಹಂಸಪಕ್ಷಿಯ ಪ್ರಸ್ತಾಪವು ನಮ್ಮ ಕಾವ್ಯಗಳಲ್ಲಿಯೂ ಸುಭಾಷಿತಗಳಲ್ಲಿಯೂ ಹೇರಳವಾಗಿದೆ. ಅಂತಹ ಹಕ್ಕಿಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಕಂಡವರಿಲ್ಲದಿದ್ದರೇನಂತೆ, ಗುಣದೋಷಗಳನ್ನು ವಿಂಗಡಿಸಬಲ್ಲ ವಿವೇಕಿಗೆ ಉಪಮಾನವು ಬೇಕಾದಾಗಲೆಲ್ಲ ಪಂಡಿತರು ಅದನ್ನು ಕರೆತಂದು ನಿಲ್ಲಿಸುತ್ತಲೇ ಬಂದಿದ್ದಾರೆ. ಈಚೆಗೆ ಕೆಲವು ವರ್ಷಗಳಿಂದ ಆ ಹಂಸವು ಒಂದು ವಿಧದಲ್ಲಿ ಮನೆಮನೆಗೂ ಬಂದಿಳಿದಿದೆಯೆಂದು ಹೇಳಬಹುದು. ಇದು ಬೇರ್ಪಡಿಸುವುದು ಹಾಲನ್ನಲ್ಲ, ನಾದವನ್ನು. ಹಾಡುವವರೂ ಪಕ್ಕವಾದ್ಯದವರೂ ಒಟ್ಟಿಗೆ ಕುಳಿತು ಮಾಡಿದ ಧ್ವನಿಮುದ್ರಣವೊಂದನ್ನು ಇದರ ಮುಂದಿಟ್ಟರೆ, ಕಂಠವನ್ನು ಒಂದು ಕಡೆಗೂ ವಾದ್ಯಗಳನ್ನು ಮತ್ತೊಂದು ಕಡೆಗೂ ಎತ್ತಿಡುತ್ತದೆ. ಕಂಠವನ್ನು ಕಳೆದು ಉಳಿದುದನ್ನು ನುಡಿಸಿದರೆ ಅದರ ಮೇಲೆ ಯಾರು ಬೇಕಾದರೂ ಹಾಡಬಹುದು. ಜನರು ಇದನ್ನು ಕರೋಕೆಯೆಂದೂ ಟ್ರ್ಯಾಕೆಂದೂ ಕರೆಯುತ್ತಾರೆ. ಮದುವೆಯ ಆರತಕ್ಷತೆಗಳಲ್ಲಿ, ಗಣೇಶೋತ್ಸವದ ಚಪ್ಪರಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಇದನ್ನು ಕೇಳದವರು ಈಗ ವಿರಳ.

ಕಾವೇರಿಯ ತೀರದ ಒಂದು ಸಣ್ಣ ಪಟ್ಟಣದಲ್ಲಿ, ದೇವಸ್ಥಾನದ ಹಿಂದಿನ ಬೀದಿಯ ಒಂದು ಮನೆಗೆ ಈ ಹಂಸವು ಬಂದ ಸಂದರ್ಭವು ಮಾತ್ರ ಆರತಕ್ಷತೆಯಷ್ಟು ಹಗುರವಾದುದಾಗಿರಲಿಲ್ಲ. ಆ ಮನೆಯ ಯಜಮಾನರು ಅಂಚೆಯ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಊರಿನವರು ಅವರನ್ನು ಪಿಟೀಲು ರಾಯರೆನ್ನುವರು. ತಾವು ವಿದ್ವಾಂಸರೆಂದು ರಾಯರು ಎಂದೂ ಹೇಳಿಕೊಂಡವರಲ್ಲ. ಆದರೆ ಅವರ ಪತ್ನಿಯು ಹಾಡಲು ಕುಳಿತಾಗ ಪಕ್ಕದಲ್ಲಿ ಮತ್ತೊಬ್ಬರು ಪಿಟೀಲು ಹಿಡಿದು ಕುಳಿತುದನ್ನು ಆ ಊರು ಕಂಡಿಲ್ಲ. ಆಕೆ ತೀರಿಕೊಂಡು ಎಂಟು ವರ್ಷಗಳಾಗಿದ್ದವು. ರಾಯರ ಬಲಗೈಗೆ ನಡುಕವು ಬಂದು, ಕಮಾನು ತಂತಿಯ ಮೇಲೆ ನಿಲ್ಲದೆ, ಪಿಟೀಲು ಪೆಟ್ಟಿಗೆಯನ್ನು ಸೇರಿ ಮೂರು ವರ್ಷಗಳಾಗಿದ್ದವು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗಳು 2024ರ ರಾಮನವಮಿಗೆ ಊರ ದೇವಸ್ಥಾನದಲ್ಲಿ ಹಾಡಬೇಕೆಂದು ಒಪ್ಪಿಕೊಂಡು ಬಂದಳು. ಹನ್ನೆರಡನೆಯ ವಯಸ್ಸಿನವರೆಗೆ ಅಜ್ಜಿಯ ಎದುರಿನಲ್ಲಿ ಕುಳಿತು ಕಲಿತ ಹುಡುಗಿ. ಬಳಿಕ ತಾನಾಗಿಯೇ ಅಭ್ಯಾಸವನ್ನು ಉಳಿಸಿಕೊಂಡಿದ್ದಳು.

ಮನೆಯಲ್ಲಿ ಒಂದು ಹಳೆಯ ಕ್ಯಾಸೆಟ್ಟು ಇತ್ತು. 1986ರ ರಾಮನವಮಿಯ ದಿನ, ಅದೇ ದೇವಸ್ಥಾನದ ಪ್ರಾಕಾರದಲ್ಲಿ, ಯಾರೋ ಬಂಧುಗಳು ತಂದಿದ್ದ ಟೇಪ್ ರೆಕಾರ್ಡರಿನಲ್ಲಿ ಹಿಡಿದುದು. ಮೃದಂಗದವರು ಬರಬೇಕಾಗಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತುದರಿಂದ ಅಂದು ಮೃದಂಗವಿರಲಿಲ್ಲ. ಕಂಠ, ಪಿಟೀಲು, ತಂಬೂರಿ ಇಷ್ಟೇ. ಅದರಲ್ಲಿ ಮೈಸೂರು ವಾಸುದೇವಾಚಾರ್ಯರ ಖಮಾಚ್ ರಾಗದ ಪ್ರಸಿದ್ಧ ಕೃತಿಯೊಂದು ಪೂರ್ತಿಯಾಗಿ ಉಳಿದಿತ್ತು. ಹುಡುಗಿಯು ತಾತನ ಬಳಿಗೆ ಬಂದು, "ಅಜ್ಜಿಯ ಧ್ವನಿಯನ್ನು ತೆಗೆದು ನಿಮ್ಮ ಪಿಟೀಲನ್ನು ಉಳಿಸಿಕೊಳ್ಳುತ್ತೇನೆ ತಾತ. ಅದರ ಮೇಲೆ ನಾನು ಹಾಡುತ್ತೇನೆ. ನೀವೇ ಪಕ್ಕದಲ್ಲಿ ಕುಳಿತು ನುಡಿಸಿದ ಹಾಗಾಗುತ್ತದೆ" ಎಂದಳು.

ರಾಯರು ಆ ದಿನ ಉತ್ತರವನ್ನು ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ.

ಅವರ ಮೌನವು ವೃದ್ಧರ ಹಟವೆಂದು ಮನೆಯವರು ತಿಳಿದರು. ಅದು ಹಟವೋ ಅಲ್ಲವೋ ಎಂದು ನಿರ್ಣಯಿಸುವ ಮೊದಲು ಈ ವಿದ್ಯೆಯ ಪೂರ್ವವೃತ್ತಾಂತವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಏಕೆಂದರೆ ಹಾಡಿಲ್ಲದ ಪಕ್ಕವಾದ್ಯವೆಂಬುದು ಎರಡು ಬಗೆಯಾಗಿ ಹುಟ್ಟಿದೆ. ಎರಡೂ ಒಂದೇ ಎಂದು ಜನರು ಭಾವಿಸಿರುವುದರಿಂದಲೇ ಅನೇಕ ಗೊಂದಲಗಳು ಉಂಟಾಗಿವೆ.

ಮೊದಲನೆಯ ಬಗೆಯಲ್ಲಿ ಹಾಡುವವನು ಆದಿಯಿಂದಲೂ ಇರುವುದಿಲ್ಲ. 1950ರಲ್ಲಿ ಇರ್ವ್ ಕ್ರಾಟ್ಕಾ ಎಂಬಾತನು ನ್ಯೂಯಾರ್ಕಿನಲ್ಲಿ ಮ್ಯೂಸಿಕ್ ಮೈನಸ್ ಒನ್ ಎಂಬ ಹೆಸರಿನಿಂದ ಗ್ರಾಮೋಫೋನು ತಟ್ಟೆಗಳನ್ನು ಹೊರತರಲು ಉಪಕ್ರಮಿಸಿದನು. ವಾದ್ಯಗೋಷ್ಠಿಯ ಒಬ್ಬರನ್ನು ಬಿಟ್ಟು ಉಳಿದವರೆಲ್ಲರೂ ನುಡಿಸಿರುವ ತಟ್ಟೆಗಳವು; ಬಿಟ್ಟ ಭಾಗವನ್ನು ಕೊಂಡವನು ತನ್ನ ಮನೆಯಲ್ಲಿ ಕುಳಿತು ತುಂಬಿಕೊಳ್ಳಬೇಕು. ಜಪಾನಿನ ಕೋಬೆ ನಗರದ ಪಾನಗೃಹಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯವನ್ನು ನುಡಿಸಿ ಜೀವಿಸುತ್ತಿದ್ದ ಇನೋವೆ ಡೈಸುಕೆ ಎಂಬಾತನ ಕಥೆಯೂ ಈ ಜಾತಿಯದೇ. ಒಬ್ಬ ಗಿರಾಕಿಯು ಪರಸ್ಥಳಕ್ಕೆ ಹೊರಟು ತನ್ನೊಡನೆ ಬರಬೇಕೆಂದು ಕೇಳಲು, ಹೋಗಲಾಗದ ಇನೋವೆಯು ಆತನ ಕಂಠಕ್ಕೆ ಹೊಂದುವಂತೆ ವಾದ್ಯಗಳನ್ನು ಮಾತ್ರ ಟೇಪಿನಲ್ಲಿ ಹಿಡಿದು ಕಳುಹಿಸಿದನಂತೆ. 1971ರಲ್ಲಿ ಅವನು ಇದಕ್ಕಾಗಿ 11 ಯಂತ್ರಗಳನ್ನು ಮಾಡಿಸಿ ಪಾನಗೃಹಗಳಿಗೆ ಬಾಡಿಗೆಗೆ ಕೊಟ್ಟನು. ಪೇಟೆಂಟು ಮಾಡಿಸಲಿಲ್ಲ, ಲೋಕವೆಲ್ಲ ಆ ವ್ಯಾಪಾರದಿಂದ ಹಣ ಮಾಡಿಕೊಂಡಿತು. ಕರೋಕೆಯೆಂಬ ಜಪಾನೀ ಶಬ್ದಕ್ಕೆ 'ಬರಿದಾದ ವಾದ್ಯಮೇಳ'ವೆಂದು ಅರ್ಥ. ಆದರೆ ಆ ಬರಿದು ಬರಲಿರುವ ಅತಿಥಿಗಾಗಿ ಹಾಕಿಟ್ಟ ಮಣೆಯಂತೆ. ನುಡಿಸುವವನು ಆ ಅತಿಥಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನುಡಿಸಿರುತ್ತಾನೆ.

ಎರಡನೆಯ ಬಗೆಯಲ್ಲಿ ಅತಿಥಿಯು ಬಂದು, ಕುಳಿತು, ಉಂಡು, ಎದ್ದುಹೋಗಿರುತ್ತಾನೆ, ಅಥವಾ ಎಬ್ಬಿಸಲ್ಪಟ್ಟಿರುತ್ತಾನೆ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಡಕೆಯು ಇನ್ನೂ ಹುಟ್ಟದಿರುವಾಗ ಇರುವ ಇಲ್ಲದಿರುವಿಕೆಯು ಪ್ರಾಗಭಾವ. ಮಡಕೆಯು ಒಡೆದ ಮೇಲೆ ಉಂಟಾಗುವುದು ಪ್ರಧ್ವಂಸಾಭಾವ. ಮೊದಲನೆಯದಕ್ಕೆ ಆದಿಯಿಲ್ಲ, ಅಂತ್ಯವುಂಟು. ಎರಡನೆಯದಕ್ಕೆ ಆದಿಯುಂಟು, ಅಂತ್ಯವಿಲ್ಲ. ಎರಡು ಮನೆಗಳಲ್ಲಿಯೂ ಮಡಕೆಯಿಲ್ಲವೆಂಬುದು ನಿಜ. ಆದರೆ ಒಂದು ಮನೆಯಲ್ಲಿ ಕುಂಬಾರನಿಗಾಗಿ ಕಾಯುತ್ತಿದ್ದಾರೆ, ಮತ್ತೊಂದು ಮನೆಯಲ್ಲಿ ಬೋಕಿಗಳನ್ನು ಆರಿಸುತ್ತಿದ್ದಾರೆ. ಯಾವ ಅಭಾವವೇ ಆಗಲಿ ಅದು ಯಾವುದರ ಅಭಾವವೋ ಆ ವಸ್ತುವಿನ ಹೆಸರನ್ನು ಹಿಡಿದೇ ತಿಳಿಯಬೇಕಲ್ಲದೆ ಬೇರೆ ದಾರಿಯಿಲ್ಲ; ಆ ವಸ್ತುವನ್ನು ಶಾಸ್ತ್ರಕಾರರು ಪ್ರತಿಯೋಗಿಯೆಂದರು. ಇದನ್ನು ಬಾಯಿಪಾಠ ಮಾಡಿದ ಹುಡುಗರಲ್ಲಿ ಎಷ್ಟು ಮಂದಿಗೆ ಅದರ ಪ್ರಯೋಜನವು ತಿಳಿದೀತು? ಮನೆಯಲ್ಲಿ ಒಬ್ಬರು ಇಲ್ಲವಾದ ಮೇಲೆ ತಾನಾಗಿ ತಿಳಿಯುತ್ತದೆ.

ಈಗ, ಇದ್ದ ಕಂಠವನ್ನು ತೆಗೆಯುವುದು ಹೇಗೆ ಎಂಬ ವಿಷಯ. ಎರಡು ಕಿವಿಗಳಿಗೆ ಎರಡು ಬೇರೆ ಬೇರೆ ಧ್ವನಿಗಳನ್ನು ಕೊಡುವ ಸ್ಟೀರಿಯೋ ಪದ್ಧತಿಗೆ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಎಂಬ ಇಂಜಿನಿಯರನು 1931ರಲ್ಲಿ ಪೇಟೆಂಟು ಬೇಡಿದನು. ಅಂತಹ ತಟ್ಟೆಗಳು ಪೇಟೆಗೆ ಬಂದುದು 1950ರ ದಶಕದ ಕೊನೆಗೆ. ಇವುಗಳಲ್ಲಿ ಗಾಯಕನ ಧ್ವನಿಯನ್ನು ಸಾಮಾನ್ಯವಾಗಿ ನಟ್ಟನಡುವೆ, ಅಂದರೆ ಎಡಕ್ಕೂ ಬಲಕ್ಕೂ ಸಮಸಮವಾಗಿ ಇಡುವರು. ಆದಕಾರಣ ಎಡದ ಧ್ವನಿಯಲ್ಲಿ ಬಲದ ಧ್ವನಿಯನ್ನು ಕಳೆದರೆ, ಎರಡರಲ್ಲಿಯೂ ಸಮವಾಗಿರುವುದು ಸೊನ್ನೆಯಾಗಿ, ಬದಿಗಳಲ್ಲಿರುವ ವಾದ್ಯಗಳು ಉಳಿಯುವುವು. ವ್ಯವಕಲನವನ್ನು ಬಲ್ಲ ಮೂರನೆಯ ತರಗತಿಯ ಬಾಲಕನಿಗೂ ತಿಳಿಯತಕ್ಕ ಉಪಾಯ. ಆದರೆ ನಡುವೆ ಗಾಯಕನೊಬ್ಬನೇ ಇರುವುದಿಲ್ಲವಷ್ಟೆ. ಮಂದ್ರದ ತಂತಿವಾದ್ಯ, ಡೋಲು ಮೊದಲಾದವುಗಳನ್ನೂ ಅಲ್ಲಿಯೇ ಇಟ್ಟಿರುವರು. ಅವೂ ಕಂಠದೊಡನೆ ಸಹಗಮನ ಮಾಡುವುವು. ಇತ್ತ ಕಂಠಕ್ಕೆ ಕೂಡಿಸಿದ ಪ್ರತಿಧ್ವನಿಯು ಎರಡು ಬದಿಗಳಿಗೂ ಬೇರೆಬೇರೆಯಾಗಿ ಹರಡಿರುವುದರಿಂದ, ಹಾಡುವವನು ಹೋದರೂ ಅವನ ಮಾರ್ದನಿಯು ಪಕ್ಕದ ಕೋಣೆಯಲ್ಲಿ ಯಾರೋ ಗುನುಗುತ್ತಿರುವಂತೆ ಉಳಿಯುವುದು.

ರಾಯರ ಮನೆಯ ಕ್ಯಾಸೆಟ್ಟಿನ ಮೇಲೆ ಈ ಉಪಾಯವನ್ನು 2008ರಲ್ಲಿ ಒಮ್ಮೆ ಪ್ರಯೋಗಿಸಿದ್ದುಂಟು. ಆಗ ಆಕೆಯು ಬದುಕಿದ್ದರು. ಪಾಠಕ್ಕೆ ಬರುವ ಮಕ್ಕಳಿಗೆ ಪಿಟೀಲಿನ ಆಸರೆಯಿರಲೆಂದು ಮಗನು ತನ್ನ ಕಂಪ್ಯೂಟರಿನಲ್ಲಿ ಕ್ಯಾಸೆಟ್ಟನ್ನು ಇಳಿಸಿಕೊಂಡು ಎಡದಿಂದ ಬಲವನ್ನು ಕಳೆದನು. ಒಂದೇ ಮೈಕಿನಲ್ಲಿ ಹಿಡಿದ ಮಾನೋ ಧ್ವನಿಗೆ ಎಡಬಲಗಳೆಲ್ಲಿಂದ ಬರಬೇಕು? ಎರಡು ಕಡೆಯೂ ಇರುವುದು ಅದೇ. ಕಂಠವೂ ಹೋಯಿತು, ಪಿಟೀಲೂ ಹೋಯಿತು, ತಂಬೂರಿಯೂ ಹೋಯಿತು. ಎರಡು ಬದಿಗಳಲ್ಲಿ ಸಮವಲ್ಲದ್ದು ಟೇಪಿನ ಸುಯ್ಯೆಂಬ ಸದ್ದು ಮಾತ್ರ, ಅದೊಂದು ಉಳಿಯಿತು. ಎಲ್ಲರೂ ಪೆಟ್ಟಿಗೆಯ ಮುಂದೆ ಕಿವಿಯಿಟ್ಟು ಕುಳಿತಿದ್ದಾಗ ಆ ಸುಯ್ಯೆಂಬುದನ್ನು ಕೇಳಿ ಆಕೆಯು ನಕ್ಕು, "ಹೋದರೂ ಇಬ್ಬರೂ ಒಟ್ಟಿಗೇ ಹೋದೆವಲ್ಲ, ಅಷ್ಟೇ ಸಾಕು" ಎಂದಿದ್ದರು. ಆ ಮಾತನ್ನು ಮನೆಯವರೆಲ್ಲರೂ ಮರೆತರು. ರಾಯರು ಮರೆತಿರಲಿಲ್ಲವೆಂದು ಕಾಣುತ್ತದೆ.

ಹೊಸ ಯಂತ್ರವು ಕಳೆಯುವ ಲೆಕ್ಕವನ್ನು ಮಾಡುವುದಿಲ್ಲ. ಅದು ನಾದವನ್ನು ಒಂದು ಕೋಷ್ಟಕವನ್ನಾಗಿ ಬಿಡಿಸಿಕೊಳ್ಳುತ್ತದೆ: ಅಡ್ಡಕ್ಕೆ ಕಾಲ, ಉದ್ದಕ್ಕೆ ಸ್ವರದ ಎತ್ತರ. ಒಂದೊಂದು ಮನೆಯಲ್ಲಿಯೂ ಅಷ್ಟಷ್ಟು ಶಕ್ತಿ. ಆ ಶಕ್ತಿಯಲ್ಲಿ ಕಂಠದ ಪಾಲು ಎಷ್ಟು, ಇತರ ವಾದ್ಯಗಳ ಪಾಲು ಎಷ್ಟು ಎಂದು ಊಹಿಸಿ ಹಂಚುತ್ತದೆ. ಈ ಊಹೆಯನ್ನು ಅದಕ್ಕೆ ಕಲಿಸುವ ಕ್ರಮವೂ ಹುಡುಗರಿಗೆ ಲೆಕ್ಕ ಕಲಿಸುವ ಕ್ರಮವೇ. ಕಂಠವೂ ವಾದ್ಯಗಳೂ ಬೇರೆ ಬೇರೆಯಾಗಿ ದೊರೆಯುವ ಎಷ್ಟೋ ಹಾಡುಗಳನ್ನು ತೆಗೆದುಕೊಂಡು, ಬೆರೆಸಿದುದನ್ನು ಪ್ರಶ್ನೆಯಾಗಿಯೂ ಬಿಡಿಯಾದವನ್ನು ಉತ್ತರವಾಗಿಯೂ ಕೊಟ್ಟು, ತಪ್ಪಿದಾಗಲೆಲ್ಲ ತಿದ್ದುತ್ತ ಹೋಗುವುದು. ಪ್ಯಾರಿಸ್ಸಿನ ಡೀಜರ್ ಎಂಬ ಸಂಸ್ಥೆಯವರು 2019ರಲ್ಲಿ ಸ್ಪ್ಲೀಟರ್ ಎಂಬ ಇಂತಹ ಸಾಧನವನ್ನು ಯಾರು ಬೇಕಾದರೂ ಉಪಯೋಗಿಸಲೆಂದು ಬಿಟ್ಟುಕೊಟ್ಟರು. ಮುಂದೆ ಅದಕ್ಕಿಂತ ಚುರುಕಾದವೂ ಬಂದಿವೆ. ಬೀಟಲ್ಸ್ ಎಂಬ ಇಂಗ್ಲಿಷ್ ಮೇಳದ ಜಾನ್ ಲೆನನ್ನನು 1970ರ ದಶಕದಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಪಿಯಾನೋ ನುಡಿಸುತ್ತ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ಹಾಡೊಂದನ್ನು, ಅವನು 1980ರಲ್ಲಿ ಹತನಾದ ಬಹುಕಾಲದ ಮೇಲೆ, 1995ರಲ್ಲಿ ಉಳಿದ ಮೂವರು ಪೂರ್ಣಗೊಳಿಸಲು ಹೊರಟು ಕೈಬಿಟ್ಟಿದ್ದರು. ಕಂಠವನ್ನು ಪಿಯಾನೋದ ಹಿಡಿತದಿಂದ ಬಿಡಿಸಿಕೊಳ್ಳಲು ಆಗ ಸಾಧ್ಯವಿರಲಿಲ್ಲ. ಇಂತಹ ಯಂತ್ರದ ಬಲದಿಂದ 2023ರಲ್ಲಿ ಅದು ಹೊರಬಂದಿತು. ಅಲ್ಲಿ ಉಳಿಸಿಕೊಂಡದ್ದು ಕಂಠ. ರಾಯರ ಮನೆಯಲ್ಲಿ ತೆಗೆಯಬೇಕೆಂದದ್ದು ಕಂಠ. ಕೈಕೆಲಸವು ಒಂದೇ ಆದರೂ ಮನಸ್ಸಿಗೆ ಎರಡೂ ಒಂದಲ್ಲ.

ಕಾನೂನು ಇದರಲ್ಲಿ ಏನನ್ನಾದರೂ ಹೇಳುತ್ತದೆಯೇ ಎಂದು ಕೇಳುವವರುಂಟು. 1957ರ ಕೃತಿಸ್ವಾಮ್ಯದ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಹಾಡುವವರಿಗೂ ನುಡಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ದೊರೆಯಿತು. ತಮ್ಮ ಕೀರ್ತಿಗೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನು 2012ರ ತಿದ್ದುಪಡಿಯು ಕೊಟ್ಟಿತು. ವ್ಯಾಪಾರಕ್ಕೆ ಸಂಬಂಧಪಟ್ಟಲ್ಲಿ ಇವೆಲ್ಲವೂ ಅವಶ್ಯವೇ. ಮೊಮ್ಮಗಳು ತಾತನನ್ನು ಕೇಳುವಲ್ಲಿ ಯಾವ ಕಲಮನ್ನು ಓದಬೇಕು?

ರಾಯರ ಮೌನಕ್ಕೆ ಕಾರಣವು ಬೇರೆಯಾಗಿತ್ತು. ಅದು ಪಕ್ಕವಾದ್ಯವೆಂಬ ಕಲೆಯ ಸ್ವಭಾವಕ್ಕೆ ಸೇರಿದುದು. ಗೀತ, ವಾದ್ಯ, ನೃತ್ತ ಈ ಮೂರೂ ಸೇರಿ ಸಂಗೀತವೆಂದೂ, ನೃತ್ತವು ವಾದ್ಯವನ್ನೂ ವಾದ್ಯವು ಗೀತವನ್ನೂ ಅನುಸರಿಸತಕ್ಕದ್ದೆಂದೂ ದೇವಗಿರಿಯ ಶಾರ್ಙ್ಗದೇವನು 13ನೆಯ ಶತಮಾನದಲ್ಲಿಯೇ ಹೇಳಿದ್ದಾನೆ. ಅನುಸರಿಸುವುದೆಂದರೆ ಹಿಂದೆ ನಡೆಯುವುದೆಂದಷ್ಟೇ ಅರ್ಥವಲ್ಲ. ಹಾಡುವವನು ರಾಗವನ್ನು ವಿಸ್ತರಿಸುವಾಗ ಪಿಟೀಲಿನವನು ಒಂದು ಉಸಿರಿನಷ್ಟು ಹಿಂದೆಯೇ ನೆರಳಿನಂತೆ ಬರಬೇಕು; ಅವನು ನಿಂತರೆ ಅವನು ಬಿಟ್ಟ ಸ್ವರವನ್ನು ಕೆಳಗೆ ಬೀಳದಂತೆ ಹಿಡಿದುಕೊಂಡಿರಬೇಕು; ಅವನು ಎಲ್ಲಿಗೆ ಹೋಗಲಿದ್ದಾನೆಂಬುದನ್ನು ಅವನಿಗಿಂತ ಮೊದಲು ತಿಳಿದೂ ಅವನಿಗಿಂತ ಮೊದಲು ಹೋಗದಿರಬೇಕು. ಮೈಸೂರು ಚೌಡಯ್ಯನವರು ಪಿಟೀಲಿಗೆ ಮೂರು ತಂತಿಗಳನ್ನು ಹೆಚ್ಚಾಗಿ ಹೂಡಿ ಏಳು ತಂತಿಯ ಪಿಟೀಲನ್ನು ನುಡಿಸಿದರೆಂಬುದು ಎಲ್ಲರೂ ಬಲ್ಲ ವಿಷಯ. ಧ್ವನಿವರ್ಧಕವಿಲ್ಲದ ದಿನಗಳ ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಪಿಟೀಲು ಕೇಳಿಸಬೇಕೆಂಬುದು ಅವರ ಆಶಯ. ಬೆಂಗಳೂರಿನಲ್ಲಿ ಅವರ ಸ್ಮಾರಕಭವನವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ. ತಾನು ಕೇಳಿಸಬೇಕೆಂಬ ಆಸೆ ಪಕ್ಕವಾದ್ಯದವನಿಗೂ ಇರುವುದು ಸಹಜವೇ. ಆದರೆ ಅವರೂ ಕೂಡ, ತಮ್ಮೊಬ್ಬರ ಪಿಟೀಲು ಕೇಳಿಸಿ ಗಾಯಕರ ಕಂಠವು ಸಭೆಯಿಂದಲೇ ಮಾಯವಾಗಲೆಂದು ಆ ತಂತಿಗಳನ್ನು ಹೂಡಿದವರಲ್ಲ.

ಹೀಗಿರಲಾಗಿ, ಹಾಡನ್ನು ಅಳಿಸಿ ಪಕ್ಕವಾದ್ಯವನ್ನು ಉಳಿಸುವುದು, ಪ್ರಶ್ನೆಗಳನ್ನೆಲ್ಲ ಹರಿದುಹಾಕಿ ಉತ್ತರಪತ್ರಿಕೆಯನ್ನು ಮಾತ್ರ ಓದಿದಂತೆ. ದೂರವಾಣಿಯಲ್ಲಿ ಮಾತನಾಡುತ್ತಿರುವವರ ಪಕ್ಕದಲ್ಲಿ ಕುಳಿತವನಿಗೆ 'ಹೌದು, ಹೌದು', 'ಅಯ್ಯೋ, ಯಾವಾಗ?' ಎಂಬಿಷ್ಟೇ ಕೇಳಿಸುವುದಷ್ಟೆ. ರಾಯರು ಮೂರನೆಯ ದಿನ ಮೊಮ್ಮಗಳಿಗೆ ಹೇಳಿದುದೂ ಇದನ್ನೇ. "ನಾನು ಅಲ್ಲಿ ನಿನ್ನ ಅಜ್ಜಿಯೊಡನೆ ಮಾತನಾಡುತ್ತಿದ್ದೇನೆ ಮಗು. ಅದನ್ನು ನೀನು ನಿನ್ನೊಡನೆ ಆಡಿದ ಮಾತೆಂದು ತಿಳಿದುಕೊಳ್ಳುವುದು ಹೇಗೆ?"

ಹುಡುಗಿಯ ಉತ್ತರವು ಸರಳವಾಗಿತ್ತು. "ನನಗೆ ನಿಮ್ಮೊಡನೆ ಹಾಡುವ ಯೋಗ ಬೇರೆ ಯಾವ ರೀತಿಯಲ್ಲಿ ಬರುತ್ತದೆ ತಾತ?" ಎಂದಳು. ರಾಯರು ತಮ್ಮ ಬಲಗೈಯನ್ನು ನೋಡಿಕೊಂಡರು. ಕ್ಯಾಸೆಟ್ಟನ್ನು ತೆಗೆದುಕೊಂಡು ಹೋಗೆಂದು ಒಪ್ಪಿಗೆ ಕೊಟ್ಟರು. ಮೂಲಕ್ಕೆ ಏನೂ ಆಗುವುದಿಲ್ಲವೆಂದು ಎರಡು ಸಲ ಕೇಳಿ ತಿಳಿದುಕೊಂಡರು.

ಪಾಶ್ಚಾತ್ಯರ ಹಾಡುಗಳಿಂದ ಪಾಠ ಕಲಿತ ಆ ಯಂತ್ರಕ್ಕೆ ನಾಲ್ಕು ಗೂಡುಗಳು ಮಾತ್ರ ಗೊತ್ತು: ಕಂಠ, ತಾಳವಾದ್ಯ, ಮಂದ್ರದ ವಾದ್ಯ, ಉಳಿದದ್ದು. ಪಿಟೀಲು ಪಾಪ, ಉಳಿದದ್ದರಲ್ಲಿ ಸೇರಿತು. ಸೇರಿತೆಂದರೂ ಪೂರ್ತಿಯಾಗಿ ಸೇರಲಿಲ್ಲ. ರಾಯರ ಪಿಟೀಲು ಆಕೆಯ ಗಮಕವನ್ನು ಹಿಡಿದು ಅದೇ ಸ್ವರದ ಮೇಲೆ ಅದೇ ಓಲಾಟದಿಂದ ನಡೆದ ಕಡೆಗಳಲ್ಲೆಲ್ಲ ಯಂತ್ರವು ಪಿಟೀಲನ್ನೂ ಕಂಠವೆಂದೇ ಭ್ರಮಿಸಿ ಅತ್ತ ಎಳೆದುಕೊಂಡಿತು. ಇತ್ತ ಆಕೆಯು ಉಚ್ಚರಿಸಿದ ಸಕಾರ ಚಕಾರಗಳ ಅಂಚುಗಳು ಪಿಟೀಲಿನ ಗೂಡಿನಲ್ಲಿ ಉಳಿದು, ಯಾರೋ ಪಿಸುಗುಟ್ಟುವಂತೆ ಕೇಳಿಸುತ್ತಿದ್ದವು. ತಂಬೂರಿಯು ಎರಡು ಮೂರು ಗೂಡುಗಳಲ್ಲಿ ಹರಿದು ಹಂಚಿಹೋಗಿತ್ತು. ಅದಕ್ಕೆ ಚಿಂತೆಯಿರಲಿಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಬ ಇಂಜಿನಿಯರರು 1979ರ ಸುಮಾರಿಗೆ ವಿದ್ಯುತ್ತಿನ ತಂಬೂರಿಯನ್ನು ನಿರ್ಮಿಸಿದಂದಿನಿಂದ ಮೀಟುವ ಕೈಗಳನ್ನು ಹುಡುಕುವ ಕಷ್ಟವು ನಮ್ಮ ಗಾಯಕರಿಗೆ ತಪ್ಪಿದೆ. ಈಗಂತೂ ಅದು ಮೊಬೈಲಿನೊಳಗೇ ಇರುತ್ತದೆ. ಹುಡುಗಿಯ ಶ್ರುತಿಯು ಅಜ್ಜಿಯದಕ್ಕಿಂತ ಅರ್ಧ ಮನೆ ಮೇಲೆ. ಕಾಲವನ್ನು ಕೆಡಿಸದೆ ಶ್ರುತಿಯನ್ನು ಏರಿಸಿಕೊಂಡಳು.

ಹಾಡಲು ತೊಡಗಿದ ಮೇಲೆ ತೊಡಕು ಕಂಡಿತು. ಅನುಪಲ್ಲವಿಯ ಒಂದು ಕಡೆಯಲ್ಲಿ ಅವಳು ಇನ್ನೂ ಸ್ವರವನ್ನು ಎಳೆಯುತ್ತಿರುವಾಗಲೇ ಪಿಟೀಲು ಮುಂದೆ ಬಂದು ಮಾತನ್ನು ಕಿತ್ತುಕೊಳ್ಳುತ್ತಿತ್ತು. ಹತ್ತು ಸಲ ಹಾಡಿದಳು, ಹತ್ತು ಸಲವೂ ಹಾಗೆಯೇ. ಎದುರಿಗಿರುವ ಪಿಟೀಲಿನವನಾದರೆ ಮೊದಲನೆಯ ಸಲ ಎಡವಿದರೂ ಎರಡನೆಯ ಸಲ ಕಾಯುವನು. ಇದು ಕಾಯುವುದಿಲ್ಲ, ಇದಕ್ಕೆ ಕಿವಿಯಿಲ್ಲ. ಕೊನೆಗೆ ಅವಳೇ ತಗ್ಗಿ, ಅಲ್ಲಿ ಸ್ವರವನ್ನು ಮೊಟಕಿಸಿ ಉಸಿರನ್ನು ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಳು. ಎಲ್ಲವೂ ಸರಿಹೊಂದಿತು. ಅಜ್ಜಿಯ ಸಂಪ್ರದಾಯದ ಒಂದು ಸೂಕ್ಷ್ಮವನ್ನು ಹಿಡಿದೆನೆಂದು ಹಿಗ್ಗಿ ತಾತನಿಗೆ ಹಾಡಿ ತೋರಿಸಿದಳು. ರಾಯರು ಕೇಳಿ, "ಅಲ್ಲಿ ಏಕೆ ನಿಲ್ಲಿಸುತ್ತೀಯೆ? ನಿನ್ನ ಅಜ್ಜಿಗೆ ಆ ವರ್ಷ ಉಬ್ಬಸವಿತ್ತು. ಉಸಿರು ಸಾಲದೆ ನಿಲ್ಲಿಸುತ್ತಿದ್ದಳು. ಸಭೆಗೆ ತಿಳಿಯದಿರಲೆಂದು ನಾನು ತುಂಬುತ್ತಿದ್ದೆ. ನಿನಗೇನು ಉಬ್ಬಸವೇ?" ಎಂದರು. ಗುರುಪರಂಪರೆಯೆಂದು ನಾವು ಕಾಪಾಡಿಕೊಂಡು ಬಂದಿರುವ ಎಷ್ಟು ಸೂಕ್ಷ್ಮಗಳು ಯಾವ ಯಾವ ಗುರುಗಳ ಕೆಮ್ಮು ನೆಗಡಿಗಳೋ, ಹೇಳಬಲ್ಲವರು ಯಾರು!

ಅಂದಿನ ರಾತ್ರಿ ರಾಯರು ಮೊಮ್ಮಗಳಿಂದ ಆ ಟ್ರ್ಯಾಕನ್ನು ಹಾಕಿಸಿಕೊಂಡು ಒಬ್ಬರೇ ಕುಳಿತು ಕೇಳಿದರು. ತಾವು ನುಡಿಸಿದ ಪಿಟೀಲನ್ನು ಬಿಡಿಯಾಗಿ ಅವರು ಕೇಳಿದುದು ಅದೇ ಮೊದಲು. ಮೂವತ್ತು ವರ್ಷಗಳಿಗೂ ಮೀರಿ ಆ ದಂಪತಿಗಳಲ್ಲಿ ಒಂದು ವ್ಯಾಜ್ಯವಿತ್ತು. ಚಿಟ್ಟೆಸ್ವರ ಬಂದೊಡನೆ ನೀನು ಓಡುತ್ತೀಯೆ ಎಂದು ರಾಯರು ಹೇಳುವರು. ಓಡುವವರು ಯಾರೋ, ಅಟ್ಟಿಸಿಕೊಂಡು ಹೋಗುವವರು ಯಾರೋ ಎಂದು ಆಕೆಯು ಹೇಳುವರು. ಕಚೇರಿ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ತೊಡಗಿದ ಈ ಮಾತು ಎಷ್ಟೋ ಸಲ ಊಟದ ಎಲೆಯವರೆಗೂ ಬರುತ್ತಿತ್ತು. ಕಂಠವೂ ಪಿಟೀಲೂ ಒಟ್ಟಿಗಿದ್ದ ಕ್ಯಾಸೆಟ್ಟಿನಲ್ಲಿ ಇದು ತೀರ್ಮಾನವಾಗುವಂತಿರಲಿಲ್ಲ. ಇಬ್ಬರೂ ಒಟ್ಟಿಗೆ ಓಡಿದಂತೆಯೇ ಕೇಳಿಸುತ್ತಿತ್ತು.

ಟ್ರ್ಯಾಕಿನಲ್ಲಿ ಪಿಟೀಲಿನೊಡನೆ ಮತ್ತೊಂದು ಸದ್ದು ಇತ್ತು. ಅಂದು ಮೃದಂಗವಿರಲಿಲ್ಲವಷ್ಟೆ. ಆಕೆಯು ತೊಡೆಯ ಮೇಲೆ ಬಲಗೈಯಿಂದ ಆದಿತಾಳವನ್ನು ಹಾಕುತ್ತಿದ್ದರು. ಪೆಟ್ಟಿಗೊಮ್ಮೆ ಕೈಯ ಗಾಜಿನ ಬಳೆಗಳು ಕಿಣಿಕಿಣಿಯೆನ್ನುತ್ತಿದ್ದವು. ಮೈಕು ಎದುರಿಗೇ ಇದ್ದಿತು. ಥಟ್ಟನೆ ಹುಟ್ಟಿ ಥಟ್ಟನೆ ಅಡಗುವ ಆ ಸದ್ದನ್ನು ಯಂತ್ರವು ಕಂಠವೆಂದು ಬಗೆಯದೆ ತಾಳವಾದ್ಯದ ಗೂಡಿನಲ್ಲಿಟ್ಟಿತ್ತು. ಕಂಠವನ್ನು ಕಳೆಯಿರೆಂದರೆ ಕಂಠವನ್ನಷ್ಟೇ ಕಳೆದಿತ್ತು. ಬಳೆಗಳು ಪಕ್ಕವಾದ್ಯದಲ್ಲಿ ಉಳಿದುಕೊಂಡಿದ್ದವು. ಪಲ್ಲ್ಲವಿಯಲ್ಲಿಯೂ ಅನುಪಲ್ಲವಿಯಲ್ಲಿಯೂ ಪಿಟೀಲೂ ಬಳೆಗಳೂ ಒಂದರೊಡನೊಂದು ನಡೆದವು. ಚಿಟ್ಟೆಸ್ವರವು ಬಂದಿತು. ಪಿಟೀಲು ಬಳೆಗಿಂತ ಮೊದಲು ಪೆಟ್ಟಿಗೆ ಬಂದು ಮುಟ್ಟಿತು. ಮುಂದಿನ ಪೆಟ್ಟಿಗೆ ಇನ್ನೂ ಸ್ವಲ್ಪ ಮೊದಲು. ಬಳೆಗಳು ಎರಡು ಮೂರು ಪೆಟ್ಟುಗಳವರೆಗೆ ತಮ್ಮ ಕಾಲವನ್ನು ಬಿಡದೆ ನಿಂತು ನೋಡಿದವು. ಅನಂತರ ಒಂದು ಕಡೆಯಲ್ಲಿ ತಾವೂ ಹೆಜ್ಜೆಯನ್ನು ಚುರುಕುಮಾಡಿ ಪಿಟೀಲನ್ನು ಕೂಡಿಕೊಂಡವು. ಅಲ್ಲಿಂದಾಚೆಗೆ ಭೇದವಿಲ್ಲ.

ರಾಯರು ಅದನ್ನು ಎಷ್ಟು ಸಲ ಕೇಳಿದರೋ ಮನೆಯವರು ಎಣಿಸಲಿಲ್ಲ. ನಡುರಾತ್ರಿ ನೀರಿಗೆ ಎದ್ದ ಸೊಸೆಗೆ ಆಗಲೂ ಆ ಕಿಣಿಕಿಣಿಯು ಕೇಳಿಸುತ್ತಿತ್ತು.

ಬೆಳಿಗ್ಗೆ ಹುಡುಗಿಯು ಬಂದು, "ತಾಳದ ಕಡೆ ಏನೋ ಬಳೆಯಂತಹ ಸದ್ದು ಸೇರಿಕೊಂಡಿದೆ ತಾತ, ಅದನ್ನೂ ತೆಗೆದುಬಿಡಲೇ?" ಎಂದು ಕೇಳಿದಳು. ರಾಯರು, "ಅದಿರಲಿ. ಪಿಟೀಲನ್ನು ತೆಗೆ" ಎಂದರು. ಹುಡುಗಿಗೆ ಅರ್ಥವಾಗಲಿಲ್ಲ. ಪಿಟೀಲಿಗಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು ಎಂದಳು. "ಪಿಟೀಲಿಗೆ ಎದುರು ಬೀದಿಯ ಹುಡುಗನಿದ್ದಾನೆ, ಕರೆದುಕೊಂಡು ಬಾ. ಅವನಿಗೆ ಕಿವಿಯಿದೆ, ನಿನ್ನನ್ನು ಕೇಳಿ ನುಡಿಸುತ್ತಾನೆ. ತಾಳಕ್ಕೆ ಇದಿರಲಿ" ಎಂದು ರಾಯರು ಹೇಳಿದರು. ಕಾರಣವನ್ನು ಹೇಳಲಿಲ್ಲ.

ರಾಮನವಮಿಗೆ ಐದು ದಿನಗಳಿದ್ದಾಗ ಆ ಹುಡುಗನು ಪಿಟೀಲನ್ನು ತೆಗೆದುಕೊಂಡು ಬಂದು ನಡುಮನೆಯಲ್ಲಿ ಕುಳಿತನು. ಒಂದು ಮೂಲೆಯಲ್ಲಿ ಮೊಬೈಲಿನ ತಂಬೂರಿ, ಮತ್ತೊಂದು ಮೂಲೆಯ ಸಣ್ಣ ಸ್ಪೀಕರಿನಲ್ಲಿ ಬಳೆಗಳ ತಾಳ. ಹುಡುಗಿಯು ಉಸಿರನ್ನು ಎಲ್ಲಿ ಬೇಕೋ ಅಲ್ಲಿ ತೆಗೆದುಕೊಂಡು ಹಾಡಿದಳು. ಹುಡುಗನು ಎರಡು ಕಡೆ ಎಡವಿ, ಮುಂದೆ ಕಾದುಕೊಂಡು ನುಡಿಸಿದನು. ಚಿಟ್ಟೆಸ್ವರದಲ್ಲಿ ಬಳೆಗಳು, 38 ವರ್ಷಗಳ ಹಿಂದೆ ಓಡಿದ, ಈಗ ಅಲ್ಲಿಲ್ಲದ ಪಿಟೀಲನ್ನು ಕೂಡಿಕೊಳ್ಳಲು ಹೆಜ್ಜೆಯನ್ನು ಚುರುಕುಮಾಡಿದವು. ಅವುಗಳ ಹಿಂದೆ ಹುಡುಗಿ, ಹುಡುಗಿಯ ಹಿಂದೆ ಹುಡುಗ. ಹಾಡು ಮುಗಿದ ಮೇಲೆ ಅವನು ಕಮಾನನ್ನು ಕೆಳಗಿಟ್ಟು ಸಂಕೋಚದಿಂದ, "ಚಿಟ್ಟೆಸ್ವರದಲ್ಲಿ ಸ್ವಲ್ಪ ಓಡಿದಿರಿ ಅಕ್ಕ" ಎಂದನು.

ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ರಾಯರು, "ಅವಳಲ್ಲಪ್ಪ, ಅವಳ ಅಜ್ಜಿಯೂ ಅಲ್ಲ" ಎಂದರು. ಮೊದಲಿನಿಂದ ಇನ್ನೊಮ್ಮೆ ಹಾಕೆಂದು ಮೊಮ್ಮಗಳಿಗೆ ಕೈಸನ್ನೆ ಮಾಡಿದರು.